ಧಾಟಿ ಹಳೆಯದು, ಹಾಡು ಹೊಸದು

ಬೀದರ್ ನಗರದ ನಾನಕ ಝೀರಾ ಗುರುದ್ವಾರದಲ್ಲಿ, ಉಳಿದ ಗುರುದ್ವಾರಗಳಲ್ಲಿರುವಂತೆಯೇ, ಬೆಳಗಿನ ಜಾವ ‘ಆಸಾ ದೀ ವಾರ್’ ಹಾಡುವ ರೂಢಿ ಇದೆ. ಗುರು ನಾನಕರ ಈ ರಚನೆಯ ಶಿರೋಭಾಗದಲ್ಲಿ, ಗುರು ಗ್ರಂಥ ಸಾಹಿಬ್‌ನ ಪುಟದಲ್ಲೇ, ಒಂದು ಪುಟ್ಟ ಸೂಚನೆ ಅಚ್ಚಾಗಿದೆ: ಇದನ್ನು ಟುಂಡಾ ಅಸರಾಜನ ಧಾಟಿಯಲ್ಲಿ ಹಾಡಬೇಕು. ಅಸರಾಜ ಕೈ ಕಳೆದುಕೊಂಡ ಒಬ್ಬ ರಾಜಕುಮಾರ. ಅವನ ಸಾಹಸದ ಕಥೆಯನ್ನು ಪಂಜಾಬಿನ ಢಾಡಿ ಗಾಯಕರು ಊರೂರಿನಲ್ಲಿ ಹಾಡುತ್ತಿದ್ದರು. ಜನರ ಕಿವಿಗೆ ಆಗಲೇ ಪಳಗಿದ್ದ ಆ ಮಟ್ಟಿಗೆ ಭಕ್ತಿಯ ಮಾತನ್ನು ಕೂಡಿಸಲಾಯಿತು. ಗ್ರಂಥದಲ್ಲಿರುವ 22 ವಾರ್‌ಗಳ, ಅಂದರೆ ಗಾಥೆಯ ರೂಪದ ರಚನೆಗಳ ಪೈಕಿ 9ಕ್ಕೆ ಇಂಥ ಸೂಚನೆ ಇದೆ, ಪ್ರತಿಯೊಂದೂ ಯಾವುದೋ ಹಳೆಯ ವೀರಗಾಥೆಯ ಹೆಸರನ್ನು ಹೇಳುತ್ತದೆ. ಎಲ್ಲಿಂದ ತಂದದ್ದು ಎಂಬುದನ್ನು ಮುಚ್ಚಿಡದೆ ಹಾಡಿನ ನೆತ್ತಿಯ ಮೇಲೇ ಬರೆದಿಟ್ಟ ದಾಖಲೆ ಇದು. ಸಿಖ್ಖರ ಖಾಲ್ಸಾ ಪಂಥದ ಮೊದಲ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರೇ ಆದ್ದರಿಂದ ಈ ಹಾಡುಗಾರಿಕೆಗೆ ಊರಿನ ಜೊತೆ ಗಟ್ಟಿಯಾದ ನಂಟೂ ಇದೆ.

ಇದೇ ಜಿಲ್ಲೆಯ ಭಾಲ್ಕಿ, ಔರಾದ್ ರಸ್ತೆಗಳಲ್ಲಿ ಗಣಪತಿ ಕಳಿಸುವ ಸಂಜೆ ಹಳೆಯ ಹಾಡು ಬೇರೊಂದು ವೇಷದಲ್ಲಿ ಬರುತ್ತದೆ. ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಆಳೆತ್ತರದ ಸ್ಪೀಕರ್‌ಗಳು, ಪಕ್ಕದಲ್ಲಿ ಜನರೇಟರ್, ಲ್ಯಾಪ್‌ಟಾಪ್ ಮುಂದೆ ನಿಂತ ಡಿಜೆ ಹುಡುಗ. ಯಾವುದೋ ಹಳೆಯ ಜಾನಪದ ಹಾಡಿನ ಒಂದು ಸಾಲು ಬರುತ್ತದೆ. ಅದರ ಕೊನೆಯ ಎರಡು ಅಕ್ಷರ ನಾಲ್ಕು ಸಲ, ಎಂಟು ಸಲ ಕೇಳಿಸುತ್ತದೆ, ಒಂದು ಕ್ಷಣ ಎಲ್ಲವೂ ನಿಲ್ಲುತ್ತದೆ, ಆಮೇಲೆ ಹಲಗಿಯ ಪೆಟ್ಟು ಎದೆಗೇ ಬಡಿಯುತ್ತದೆ. ಕುಣಿಯುವವರಿಗೆ ಹಾಡು ಗೊತ್ತು. ಹಾಡಿದವರು ಯಾರು ಎಂಬುದು ಎಲ್ಲೂ ಬರೆದಿರುವುದಿಲ್ಲ.

ಹಳೆಯ ಹಾಡಿನಿಂದ ಹೊಸದನ್ನು ಕಟ್ಟುವುದು ಈ ಸೀಮೆಗೆ ಹೊಸ ವಿದ್ಯೆಯಲ್ಲ. ಆದರೆ ಶತಮಾನಗಳ ಕಾಲ ಜನ ಎರವಲು ತಂದದ್ದು ಧಾಟಿಯನ್ನು. ಯಂತ್ರ ಬಂದ ಮೇಲೆ ಎರವಲು ಬಂದದ್ದು ಹಾಡಿದವರ ದನಿಯೇ. ಈ ಎರಡರ ನಡುವಿನ ದೂರ ಬಹಳ ದೊಡ್ಡದು.

ಬೀಸುಗಲ್ಲಿನ ಮೇಲೆ ಸೂಫಿ ಪಾಠ

ಅಹ್ಮದ್ ಷಾ ಬಹಮನಿ 15ನೆಯ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಅವನ ಗೋರಿ ಇರುವ ಅಷ್ಟೂರಿನಲ್ಲಿ ಇಂದಿಗೂ ವರ್ಷಕ್ಕೊಮ್ಮೆ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಮುಸ್ಲಿಮರಿಗೆ ಆತ ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಒಂದೇ ಅಂಗಳದಲ್ಲಿ ಎರಡು ಮತದವರು ಸೇರುವ ಇಂಥ ಊರುಗಳಲ್ಲಿ ಒಬ್ಬರ ಹಾಡು ಇನ್ನೊಬ್ಬರ ಕಿವಿಗೆ ಬೀಳದೆ ಇರುವುದಿಲ್ಲ.

ದಖನ್ನಿನ ಸೂಫಿಗಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಪಾರ್ಸಿ ಗ್ರಂಥ ಓದಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಜೋಳ ಬೀಸುವ ಹೆಂಗಸರು ಮನೆಮನೆಯಲ್ಲೂ ಇದ್ದರು. ಹಾಗಾಗಿ ಬೀಸುವಾಗಿನ ಹಾಡಿನ ಲಯಕ್ಕೆ ದಖನಿ ಮಾತಿನಲ್ಲಿ ‘ಚಕ್ಕೀನಾಮಾ’ಗಳು ಹುಟ್ಟಿದವು. ಅವುಗಳಲ್ಲಿ ಬೀಸುಗಲ್ಲಿನ ಹಿಡಿಗೂಟ ಅಲಿಫ್ ಅಕ್ಷರವಾಗುತ್ತದೆ, ಅಂದರೆ ಅಲ್ಲಾಹು. ನಡುವಿನ ಕೀಲು ಪ್ರವಾದಿಯಾಗುತ್ತದೆ. ನೂಲುವವರಿಗೆ ‘ಚರಖಾನಾಮಾ’, ಕೂಸು ತೂಗುವವರಿಗೆ ‘ಲೋರಿನಾಮಾ’. ಕಲಬುರಗಿಯ ಸೂಫಿ ಸಂತ ಬಂದೇನವಾಜರ ಹೆಸರಿನಲ್ಲೂ ಒಂದು ಚಕ್ಕೀನಾಮಾ ಬಳಕೆಯಲ್ಲಿದೆ. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಕುರಿತ ಪುಸ್ತಕದಲ್ಲಿ ಈ ಹಾಡುಗಳಿಗೆ ದೊಡ್ಡ ಸ್ಥಾನ ಕೊಟ್ಟರು. ದಖನ್ನಿನ ಹಳ್ಳಿಗಳಿಗೆ ಸೂಫಿ ವಿಚಾರ ತಲುಪಿದ್ದು ಪಂಡಿತರ ಗ್ರಂಥಗಳಿಗಿಂತ ಹೆಚ್ಚಾಗಿ ಹೆಂಗಸರ ಬಾಯಿಂದ ಎಂಬುದು ಅವರ ವಾದ.

ಬೀಸುವ ಹಾಡು ಕೊಟ್ಟ ಹೆಂಗಸರಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಹೊಸ ಪದವನ್ನೂ ಅವರೇ ಹಾಡಿದರು, ಹಳೆಯದೂ ಅವರ ಬಳಿಯೇ ಉಳಿಯಿತು.

ಮಠ, ರಂಗಸ್ಥಳ, ತಟ್ಟೆ

ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಹುಮನಾಬಾದ್ ಬಳಿಯ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕ ಪ್ರಭುಗಳು ಕನ್ನಡ, ಮರಾಠಿ, ಹಿಂದಿ, ಉರ್ದು ಭಾಷೆಗಳಲ್ಲಿ ಪದ ಕಟ್ಟಿದರು. ದತ್ತ ಜಯಂತಿಯ ದರ್ಬಾರಿಗೆ ಸಂಗೀತಗಾರರು ದೂರದಿಂದ ಬರುತ್ತಿದ್ದರು. ಗಡಿನಾಡಿನ ಹಾಡುಗಾರನಿಗೆ ಒಂದೇ ಭಾಷೆ ಸಾಲುವುದಿಲ್ಲ ಎಂಬುದಕ್ಕೆ ಆ ಪದಗಳೇ ಸಾಕ್ಷಿ. ಔರಾದ್, ಭಾಲ್ಕಿಯ ಹಳ್ಳಿಗಳಲ್ಲಿ ಒಂದೇ ಭಜನೆಯ ರಾತ್ರಿ ತುಕಾರಾಮರ ಅಭಂಗವೂ ಬರುತ್ತದೆ, ಬಸವಣ್ಣನ ವಚನವೂ ಬರುತ್ತದೆ, ತತ್ವಪದವೂ ಬರುತ್ತದೆ. ತಾಳ ಹಿಡಿದ ಕೈ ಮಾತ್ರ ಅದೇ.

ಪಶ್ಚಿಮದ ಮರಾಠಿ ರಂಗಭೂಮಿಗೂ ಕನ್ನಡದ ಋಣ ಇತ್ತು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಆಡಿಸಿದ ‘ಸೀತಾ ಸ್ವಯಂವರ’ಕ್ಕೆ ಪ್ರೇರಣೆ ಕರಾವಳಿಯ ಕರ್ಕಿ ಕಡೆಯಿಂದ ಬಂದ ಭಾಗವತ ಮೇಳ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದಾಗ ಲಾವಣಿ, ಕೀರ್ತನೆಗಳ ಮಟ್ಟುಗಳ ಜೊತೆ ಕನ್ನಡದ ಮಟ್ಟುಗಳೂ ಅವರ ಕೈಯಲ್ಲಿದ್ದವು. ಮುಂದೆ ಅದೇ ನಾಟ್ಯಗೀತೆಗಳ ಮಟ್ಟು ಉತ್ತರ ಕರ್ನಾಟಕದ ಕಂಪನಿ ನಾಟಕಗಳಿಗೆ ಮರಳಿ ಬಂತು. ನಾಟಕದ ಪುಸ್ತಕಗಳಲ್ಲಿ ಪ್ರತಿ ಪದದ ಮೇಲೂ ‘ಚಾಲ’ ಅಥವಾ ‘ಧಾಟಿ’ ಎಂದು ಬರೆದು, ಮುಂದೆ ಯಾವ ಹಾಡಿನಂತೆ ಎಂಬುದನ್ನು ಅಚ್ಚು ಹಾಕುವುದು ವಾಡಿಕೆ. ಸ್ವರಲಿಪಿ ಬಾರದ ನಟನಿಗೂ ಅಷ್ಟು ಸಾಕು. ಭಜನೆ ಪುಸ್ತಕಗಳಲ್ಲಿ ಇಂದಿಗೂ ಈ ಕ್ರಮ ಇದೆ.

ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್ ಸೀಮೆಯಲ್ಲಿ ಕನ್ನಡಕ್ಕೆ ಶಾಲೆಯಲ್ಲಿ ಜಾಗ ಸಿಗುವುದೇ ಕಷ್ಟವಾಗಿತ್ತು. ಔರಾದ್ ಕಡೆಯ ಕಮಲನಗರದಲ್ಲಿ ಹುಟ್ಟಿ, ಭಾಲ್ಕಿ ಹಿರೇಮಠದ ಪೀಠವೇರಿದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಜಿಲ್ಲೆಯ ಜನ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಅಚ್ಚು ಹಾಕಿಸಿದ ಮೇಲೆ ಓಲೆಗರಿಯಲ್ಲಿದ್ದ ವಚನಗಳು ಪುಸ್ತಕವಾಗಿ ಮಠಗಳಿಗೂ ಮನೆಗಳಿಗೂ ಬಂದವು. ಆದರೆ ಅವುಗಳ ಜೊತೆ ಧಾಟಿ ಬರಲಿಲ್ಲ, ಏಕೆಂದರೆ ಯಾರೂ ಅದನ್ನು ಬರೆದಿಟ್ಟಿರಲಿಲ್ಲ. ಪಂಚಾಕ್ಷರಿ ಗವಾಯಿಗಳು, ಮಲ್ಲಿಕಾರ್ಜುನ ಮನ್ಸೂರರು, ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ಹಿಂದುಸ್ತಾನಿ ರಾಗಗಳಲ್ಲಿ ಅವುಗಳನ್ನು ಕೂರಿಸಿದರು. ಮಾತು 12ನೆಯ ಶತಮಾನದ್ದು, ಹಾಡು 20ನೆಯ ಶತಮಾನದ್ದು. ಇಂದು ಭಜನೆಯಲ್ಲಿ ‘ವಚನದ ಧಾಟಿ’ ಎಂದು ಜನ ಹಾಡುವುದರಲ್ಲಿ ಬಹುಪಾಲು ಈ ಹಿರಿಯರ ಕೊಡುಗೆ.

ಗ್ರಾಮಫೋನ್ ತಟ್ಟೆ ಮತ್ತು ರೇಡಿಯೋ ಈ ಕೊಡುಕೊಳ್ಳುವಿಕೆಯ ವೇಗ ಹೆಚ್ಚಿಸಿದವು. ನಿಜಾಮ್ ಸರ್ಕಾರದ ಡೆಕ್ಕನ್ ರೇಡಿಯೋ 1935ರಿಂದ ಹೈದರಾಬಾದಿನಲ್ಲಿ ಉರ್ದು ಕಾರ್ಯಕ್ರಮ ಬಿತ್ತರಿಸಿತು, ಕ್ರಮೇಣ ಕನ್ನಡಕ್ಕೂ ಸ್ವಲ್ಪ ಹೊತ್ತು ಸಿಕ್ಕಿತು. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟಾಗ ಕೇಳುಗರು ರೇಡಿಯೋ ಸಿಲೋನ್‌ಗೆ ಮುಳ್ಳು ತಿರುಗಿಸಿದರು. 1956ರಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ಹೋಳಾಯಿತು. ಉದಗೀರ್, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ ಸೇರಿತು. ಗಡಿಗೆರೆ ಹಾಡುಗಳನ್ನು ತಡೆಯಲಿಲ್ಲ. 1966ರಲ್ಲಿ ಕಲಬುರಗಿ ಆಕಾಶವಾಣಿ ಬಂದ ಮೇಲೂ ಭಜನಾ ಮಂಡಳಿಗಳ ಹುಡುಗರು ಹಿಂದಿ ಸಿನಿಮಾದ ಮಟ್ಟಿಗೆ ಶಿವನಾಮ ಜೋಡಿಸುವುದನ್ನು ಬಿಡಲಿಲ್ಲ, ಹಿರಿಯರು ಗದರುವುದನ್ನೂ ಬಿಡಲಿಲ್ಲ.

ಕತ್ತರಿಸಿದ ಆರು ಸೆಕೆಂಡು

ಇಲ್ಲಿಯವರೆಗಿನ ಕಥೆಯಲ್ಲಿ ಪ್ರತಿಯೊಬ್ಬರೂ ಹಳೆಯ ಮಟ್ಟನ್ನು ತಮ್ಮದೇ ಗಂಟಲಿನಲ್ಲಿ ಹೊಸದಾಗಿ ಹಾಡಿದವರು. ದನಿಮುದ್ರಣವನ್ನೇ ಕತ್ತರಿಸಿ ಬಳಸುವ ಕಲೆ ಬೆಳೆದದ್ದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ. 1973ರ ಆಗಸ್ಟ್ 11ರಂದು ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್ ಒಂದು ಮನೆಮಟ್ಟದ ಕೂಟದಲ್ಲಿ ತಟ್ಟೆ ತಿರುಗಿಸಿದ. ಹಾಡಿನಲ್ಲಿ ಬರೀ ಡ್ರಮ್ ಮಾತ್ರ ಉಳಿಯುವ ತುಣುಕು ಬಂದಾಗ ಜನ ಹೆಚ್ಚು ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ಹಾಡಿನ ಎರಡು ತಟ್ಟೆ ಇಟ್ಟುಕೊಂಡು, ಒಂದರಲ್ಲಿ ಆ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಮೊದಲಿನಿಂದ ಹಾಕಿ, ಕೆಲವು ಸೆಕೆಂಡುಗಳ ತಾಳವನ್ನು ನಿಮಿಷಗಟ್ಟಲೆ ಎಳೆದ. ಮುಂದೆ ಇದೇ ಕೆಲಸಕ್ಕೆ ಯಂತ್ರಗಳು ಬಂದವು. 1987ರ ಎಸ್‌ಪಿ-1200 ಯಂತ್ರದ ನೆನಪಿನಲ್ಲಿ ಹಿಡಿಯುತ್ತಿದ್ದದ್ದು ಒಟ್ಟು 10 ಸೆಕೆಂಡಿನ ಸದ್ದು. ಆ ಇಕ್ಕಟ್ಟಿನಲ್ಲೇ ಒಂದು ಪೀಳಿಗೆಯ ಸಂಗೀತ ಹುಟ್ಟಿತು. ತುಣುಕನ್ನು ವೇಗವಾಗಿ ಓಡಿಸಿದರೆ ಶ್ರುತಿ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಆ ಏರಿಳಿತವೂ ಕಲೆಯ ಭಾಗವಾಯಿತು.

ಇದರ ನೋವಿನ ಕಥೆಯೂ ಇದೆ. ದಿ ವಿನ್‌ಸ್ಟನ್ಸ್ ತಂಡ 1969ರಲ್ಲಿ ಮುದ್ರಿಸಿದ ‘ಆಮೆನ್, ಬ್ರದರ್’ ಹಾಡಿನ ನಡುವೆ ಗ್ರೆಗರಿ ಕೋಲ್ಮನ್ ಎಂಬ ಡ್ರಮ್ ವಾದಕ ಆರೇಳು ಸೆಕೆಂಡು ಒಬ್ಬನೇ ಬಾರಿಸುತ್ತಾನೆ. ಆ ತುಣುಕು ಸಾವಿರಾರು ಹಾಡುಗಳಿಗೆ ಬುನಾದಿಯಾಯಿತು, ಇಂಗ್ಲೆಂಡಿನಲ್ಲಿ ಒಂದು ಇಡೀ ಸಂಗೀತ ಪ್ರಕಾರವೇ ಅದರ ಮೇಲೆ ನಿಂತಿತು. ಕೋಲ್ಮನ್ 2006ರಲ್ಲಿ ತೀರಿಕೊಂಡಾಗ ಅದರಿಂದ ಅವನಿಗೆ ಒಂದು ಕಾಸೂ ಬಂದಿರಲಿಲ್ಲ. ಬೀಸುವ ಹಾಡಿನ ಮಟ್ಟು ಕೊಟ್ಟವರಿಗೂ ಇವನಿಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಲೋಕ ಕುಣಿದದ್ದು ಅವನ ಕೈಯ ಪೆಟ್ಟಿಗೇ, ಮಾರಾಟವಾದದ್ದೂ ಅದೇ ಪೆಟ್ಟು.

ಭಾರತದ ದನಿಗಳೂ ಹೀಗೆ ಕಡಲು ದಾಟಿದವು. 1981ರ ‘ಜ್ಯೋತಿ’ ಚಿತ್ರಕ್ಕೆ ಬಪ್ಪಿ ಲಾಹಿರಿ ಸಂಗೀತದಲ್ಲಿ ಲತಾ ಮಂಗೇಶ್ಕರ್ ಹಾಡಿದ ಗೀತೆಯ ತುಣುಕು 2002ರಲ್ಲಿ ಅಮೆರಿಕದ ಗಾಯಕಿ ಟ್ರೂತ್ ಹರ್ಟ್ಸ್ ಹಾಡಿದ ‘ಅಡಿಕ್ಟಿವ್’ನಲ್ಲಿ ಹೆಸರಿಲ್ಲದೆ ಬಂತು. ಲಾಹಿರಿಯವರ ಹೆಸರು ಹಾಕದೆ ತಟ್ಟೆ ಮಾರುವಂತಿಲ್ಲ ಎಂದು ಅಲ್ಲಿನ ನ್ಯಾಯಾಲಯ ತಡೆಯೊಡ್ಡಿತು. ಅದೇ 1981ರ ‘ಏಕ್ ದೂಜೇ ಕೇ ಲಿಯೇ’ ಚಿತ್ರದಲ್ಲಿ ಲತಾ ಮತ್ತು ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಗೀತೆಯೊಂದರ ಪಿಟೀಲಿನ ತುಣುಕು ಬ್ರಿಟ್ನಿ ಸ್ಪಿಯರ್ಸ್ ಅವರ ‘ಟಾಕ್ಸಿಕ್’ ಹಾಡಿನ ಬೆನ್ನೆಲುಬಾಯಿತು. ಕಲ್ಯಾಣ್‌ಜಿ ಆನಂದ್‌ಜಿ ಅವರ ಹಾಡುಗಳ ತುಣುಕು ಬಳಸಿದ ಬ್ಲ್ಯಾಕ್ ಐಡ್ ಪೀಸ್ ತಂಡದ 2005ರ ಹಾಡಿಗೆ ಗ್ರ್ಯಾಮಿ ಬಂತು.

ಕನ್ನಡದ ಕಟಕಟೆ

ಕನ್ನಡ ಸಿನಿಮಾ ಬಹುಕಾಲ ಹಳೆಯ ದಾರಿಯಲ್ಲೇ ನಡೆಯಿತು, ಅಂದರೆ ಧಾಟಿ ತರುವ ದಾರಿ. ಇಳಯರಾಜಾ 1981ರ ‘ಗೀತಾ’ ಚಿತ್ರಕ್ಕೆ ಕೊಟ್ಟ ‘ಜೊತೆಯಲಿ’ ಹಾಡಿನ ಮಟ್ಟನ್ನು ತಾವೇ ತಮಿಳಿಗೂ, 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೂ ಒಯ್ದರು. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ ‘ಕೋಲುಮಂಡೆ’ ಹಾಡು ಮಲೆ ಮಹದೇಶ್ವರ ಸೀಮೆಯ ಕಥನಪರಂಪರೆಯಿಂದ ಬಂದದ್ದು, ಅದಕ್ಕೆ ರಾಜ್ಯ ಪ್ರಶಸ್ತಿಯೂ ಸಿಕ್ಕಿತು. ಅದೇ ಬೆಟ್ಟದ ‘ಸೋಜುಗಾದ ಸೂಜುಮಲ್ಲಿಗೆ’ 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಚೈತ್ರಾ ಆಚಾರ್ ದನಿಯಲ್ಲಿ ಮತ್ತೆ ಕೇಳಿಸಿತು. ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವತ್ಥ್ ಮನೆಮನೆಗೆ ತಲುಪಿಸಿದರು, ಮುಂದೆ ರಘು ದೀಕ್ಷಿತ್ ಗಿಟಾರ್ ಹಿಡಿದು ಅವುಗಳನ್ನೇ ಹಾಡಿದರು.

ನ್ಯಾಯಾಲಯದ ಮೆಟ್ಟಿಲೇರಿದ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಧಾಟಿಗೂ ದನಿಮುದ್ರಣಕ್ಕೂ ಇರುವ ಅಂತರ ನಿಚ್ಚಳವಾಗುತ್ತದೆ. 2016ರ ‘ಕಿರಿಕ್ ಪಾರ್ಟಿ’ಯ ‘ಹೇ ಹೂ ಆರ್ ಯೂ’ ಹಾಡು 1991ರ ‘ಶಾಂತಿ ಕ್ರಾಂತಿ’ಗೆ ಹಂಸಲೇಖ ಕೊಟ್ಟ ‘ಮಧ್ಯ ರಾತ್ರೀಲಿ’ ಹಾಡಿನ ಸಂಗೀತದಿಂದ ಬಂದದ್ದು ಎಂದು ಲಹರಿ ಸಂಸ್ಥೆ ದಾವೆ ಹೂಡಿತು. ಅಲ್ಲಿನ ತಕರಾರು ಸಂಗೀತದ ಹೋಲಿಕೆಯ ಬಗ್ಗೆ. 2024ರ ‘ಬ್ಯಾಚುಲರ್ ಪಾರ್ಟಿ’ ಚಿತ್ರದ ವಿರುದ್ಧ ಎಂಆರ್‌ಟಿ ಮ್ಯೂಸಿಕ್ ಕೊಟ್ಟ ದೂರು ಬೇರೆ. ‘ನ್ಯಾಯ ಎಲ್ಲಿದೆ’ ಮತ್ತು ‘ಗಾಳಿಮಾತು’ ಚಿತ್ರಗಳ ಹಾಡುಗಳನ್ನೇ ಅನುಮತಿ ಪಡೆಯದೆ ಬಳಸಲಾಗಿದೆ ಎಂಬುದು ಅದರ ಸಾರ. ದೆಹಲಿ ಹೈಕೋರ್ಟ್ ಚಿತ್ರತಂಡಕ್ಕೆ 20 ಲಕ್ಷ ರೂಪಾಯಿ ಠೇವಣಿ ಇಡಲು ಹೇಳಿತು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಮಾತಿಗೂ ಮಟ್ಟಿಗೂ ಕರ್ತೃ ತೀರಿಕೊಂಡ ನಂತರ 60 ವರ್ಷ ರಕ್ಷಣೆ, ದನಿಮುದ್ರಣಕ್ಕೆ ಪ್ರಕಟವಾದ ನಂತರ 60 ವರ್ಷ. 1889ರಲ್ಲಿ ತೀರಿಕೊಂಡ ಶರೀಫರ ಪದ ಎಲ್ಲರದ್ದು. 2009ರಲ್ಲಿ ತೀರಿಕೊಂಡ ಅಶ್ವತ್ಥ್ ಸ್ವಂತವಾಗಿ ಕಟ್ಟಿದ ಮಟ್ಟಿಗೆ 2069ರ ಕೊನೆಯವರೆಗೂ ರಕ್ಷಣೆ ಇದೆ. ‘ಗಾಳಿಮಾತು’ ಹಾಡುಗಳಂಥ 1981ರ ದನಿಮುದ್ರಣಕ್ಕೆ 2041ರ ಕೊನೆಯವರೆಗೆ. ಎಂಬತ್ತರ ದಶಕದಲ್ಲಿ ಟಿ-ಸೀರೀಸ್ ಹಳೆಯ ಹಾಡುಗಳನ್ನು ಹೊಸ ಗಾಯಕರಿಂದ ಹಾಡಿಸಿ ಅಗ್ಗದ ಕ್ಯಾಸೆಟ್‌ಗಳಲ್ಲಿ ಊರೂರಿಗೆ ಸುರಿಯಲು ದಾರಿ ಮಾಡಿಕೊಟ್ಟದ್ದು ಇದೇ ಕಾಯ್ದೆಯ ಒಂದು ಕಲಂ. 2012ರ ತಿದ್ದುಪಡಿ ಆ ದಾರಿಯನ್ನು ಕಿರಿದು ಮಾಡಿತು. ಮೂಲ ಹಾಡು ಬಂದು ಐದು ವರ್ಷ ಆಗಿರಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಮುಂಗಡ ಕಟ್ಟಬೇಕು, ಮೂಲವನ್ನು ತಿರುಚುವಂತಿಲ್ಲ. ಇದೆಲ್ಲ ಹೊಸದಾಗಿ ಹಾಡಿಸುವವರ ಮಾತು. ದನಿಮುದ್ರಣದ ತುಣುಕನ್ನೇ ಎತ್ತಿ ಹಾಕುವವರು ಒಡೆಯರ ಒಪ್ಪಿಗೆ ಪಡೆಯಲೇಬೇಕು.

ಹಳ್ಳಿಯ ದನಿಗೆ ಯಾರು ಹೊಣೆ

ದೊಡ್ಡ ಕಂಪನಿಗಳ ಹಾಡಿಗೆ ವಕೀಲರಿದ್ದಾರೆ, ಯೂಟ್ಯೂಬ್‌ನಲ್ಲಿ ಸದ್ದನ್ನು ಗುರುತಿಸಿ ಹಿಡಿಯುವ ವ್ಯವಸ್ಥೆ ಇದೆ. 2016ರಲ್ಲಿ ಅಜಯ್ ಅತುಲ್ ಮರಾಠಿಯ ‘ಸೈರಾಟ್’ ಚಿತ್ರಕ್ಕೆ ಕೊಟ್ಟ ‘ಝಿಂಗಾಟ್’ ಹಾಡು 2017ರಲ್ಲಿ ‘ಮನಸು ಮಲ್ಲಿಗೆ’ಯ ಮೂಲಕ ಕನ್ನಡಕ್ಕೂ, 2018ರಲ್ಲಿ ‘ಧಡಕ್’ ಮೂಲಕ ಹಿಂದಿಗೂ ಹೋಯಿತು. ಮೂರೂ ಕಡೆ ಸಂಗೀತಗಾರರ ಹೆಸರು ಜೊತೆಗೇ ಹೋಯಿತು. ಮರಾಠಿಯೂ ಕನ್ನಡವೂ ಮನೆಮಾತಾಗಿರುವ ಔರಾದ್‌ನಂಥ ಕಡೆ ಆ ಹಾಡಿಗೆ ಅನುವಾದವೇ ಬೇಕಿರಲಿಲ್ಲ.

ಆದರೆ ಹೊಲದಲ್ಲಿ ಕಳೆ ತೆಗೆಯುತ್ತ ಹಾಡುವ ಹೆಂಗಸಿನ ದನಿಯನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟರೆ, ಇನ್ಯಾರೋ ಅದನ್ನು ಎಫ್‌ಎಲ್ ಸ್ಟುಡಿಯೋ ಎಂಬ ತಂತ್ರಾಂಶದಲ್ಲಿ ಕತ್ತರಿಸಿ ‘ಹಲಗಿ ಮಿಕ್ಸ್’ ಮಾಡಿದರೆ, ಲೆಕ್ಕ ಕೇಳುವವರಿಲ್ಲ. ಜಾನಪದ ಎಲ್ಲರದ್ದಲ್ಲವೇ ಎಂಬ ಮಾತು ಕೂಡಲೇ ಬರುತ್ತದೆ. ಹಾಡು ಎಲ್ಲರದ್ದು, ನಿಜ. ಅದನ್ನು ಹಾಡಿದ ದನಿ ಒಬ್ಬಳದು. ಕಾಯ್ದೆಯೂ ಇದನ್ನು ಒಪ್ಪುತ್ತದೆ. ಹಾಡುವವರಿಗೆ ತಮ್ಮ ಹಾಡುಗಾರಿಕೆಯ ಮೇಲೆ 50 ವರ್ಷದ ಹಕ್ಕಿದೆ. 2012ರ ತಿದ್ದುಪಡಿಯ ಮೇಲೆ, ತಾನು ಹಾಡಿದ್ದೆಂದು ಗುರುತಿಸಿಕೊಳ್ಳುವ ಹಕ್ಕೂ, ಅದನ್ನು ವಿರೂಪಗೊಳಿಸಿ ಹೆಸರಿಗೆ ಕುಂದು ತಂದರೆ ಪ್ರಶ್ನಿಸುವ ಹಕ್ಕೂ ಸೇರಿವೆ. ಸಿನಿಮಾ ಗಾಯಕರಿಗಾಗಿ 2013ರಲ್ಲಿ ಸಂಘವೊಂದು ಹುಟ್ಟಿ ರಾಯಧನ ವಸೂಲಿ ಮಾಡುತ್ತಿದೆ. ಭಜನಾ ಮಂಡಳಿಯ ಅಜ್ಜನ ಪರವಾಗಿ, ಬೀಸುವ ಪದ ಬಲ್ಲ ಅಜ್ಜಿಯ ಪರವಾಗಿ ಅರ್ಜಿ ಬರೆಯುವವರು ಬೇಕು.

ಡಿಜೆ ಹುಡುಗರ ಕೈ ಕಟ್ಟಬೇಕು ಎಂಬುದು ಇದರ ಅರ್ಥವಲ್ಲ. ನಾಲ್ಕು ಸೆಕೆಂಡಿನ ದನಿಯಲ್ಲಿ ಯಾವ ಅಕ್ಷರ ಕುಣಿಸುತ್ತದೆ ಎಂದು ಪತ್ತೆ ಹಚ್ಚಲು ಒಳ್ಳೆಯ ಕಿವಿ ಬೇಕು. ಹಲಗಿಯ ನಡೆಯನ್ನು ಯಂತ್ರದ ತಾಳಕ್ಕೆ ತಪ್ಪದೆ ಕೂರಿಸಲು ಲಯದ ತಿಳಿವಳಿಕೆ ಬೇಕು. ಊರಿನ ಹಾಡು ಇಪ್ಪತ್ತರ ಹರೆಯದವರ ಬಾಯಲ್ಲಿ ಉಳಿದಿರುವುದಕ್ಕೆ ಈ ಹುಡುಗರೂ ಕಾರಣ. ಅವರು ಮಾಡಬೇಕಾದ ಕೆಲಸ ಚಿಕ್ಕದು: ಹಾಡು ಹರಿಬಿಡುವಾಗ ಹಾಡಿದವರ ಹೆಸರು, ಊರು, ಮುದ್ರಿಸಿದ ವರ್ಷ ಬರೆಯುವುದು, ಮೊದಲು ಹೋಗಿ ಕೇಳುವುದು, ಹಣ ಬಂದರೆ ಪಾಲು ಕೊಡುವುದು. ನಾಟಕದ ಪುಸ್ತಕ ಅಚ್ಚು ಹಾಕುತ್ತಿದ್ದವರು ‘ಧಾಟಿ’ಯ ಒಂದು ಸಾಲಿಗೆ ಜಾಗ ಮಾಡುತ್ತಿದ್ದರು. ಯೂಟ್ಯೂಬ್ ವಿವರಣೆಯಲ್ಲಿ ಅದಕ್ಕಿಂತ ಹೆಚ್ಚು ಜಾಗ ಇದೆ.

ಸಂಸ್ಥೆಗಳ ಪಾಲಿನ ಕೆಲಸ ಇನ್ನೂ ದೊಡ್ಡದು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, 2023ರಿಂದ ಬೀದರ್‌ಗೂ ತನ್ನದೇ ವಿಶ್ವವಿದ್ಯಾಲಯ ಬಂದಿದೆ. ಜಿಲ್ಲೆಯ ತತ್ವಪದ, ಮೊಹರಂ ಪದ, ಲಂಬಾಣಿ ಹಾಡು, ದಖನಿ ಹಾಡುಗಳನ್ನು ಹಾಡುವವರ ಲಿಖಿತ ಒಪ್ಪಿಗೆಯೊಂದಿಗೆ ಮುದ್ರಿಸಿ, ಬಳಸುವವರಿಗೆ ಸುಲಭದ ಷರತ್ತಿನಲ್ಲಿ ಕೊಡುವ ಭಂಡಾರವೊಂದನ್ನು ಈ ಎರಡು ಸಂಸ್ಥೆಗಳು ಕೂಡಿ ಕಟ್ಟಬಹುದು. ಆಗ ಭಾಲ್ಕಿಯ ಹುಡುಗ ಕದ್ದ ತುಣುಕಿಗಾಗಿ ತಡಕಾಡಬೇಕಿಲ್ಲ. ಅವನಿಗೆ ಬೇಕಾದ ದನಿ ಅವನದೇ ತಾಲೂಕಿನಿಂದ, ಹಾಡಿದವರ ಹೆಸರು ಮತ್ತು ಊರಿನ ಸಮೇತ ಸಿಗುತ್ತದೆ, ಹಾಡು ಓಡಿದಷ್ಟೂ ಹಾಡಿದವರ ಬ್ಯಾಂಕ್ ಖಾತೆಗೂ ಅವರ ಪಾಲು ಜಮೆಯಾಗುತ್ತದೆ.